ಕಾಫಿ ಕಪ್ಪಿನ ಗುರುತು: ಜಾವಾ ಹುಟ್ಟಿದ ಕಥೆ

ಕೀಪ್ಯಾಡ್ ಫೋನಿನ ಕಾಲ ನೆನಪಿದೆಯೇ? ಪೇಟೆಯ ಮೊಬೈಲ್ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಗೇಮ್ ತುಂಬಿಸಿಕೊಂಡು ಬರುತ್ತಿದ್ದೆವು. ಗೇಮ್ ತೆರೆದರೆ ಹಲವು ಫೋನುಗಳಲ್ಲಿ ಮೊದಲು ಕಾಣುತ್ತಿದ್ದದ್ದು ಹಬೆಯಾಡುವ ಕಾಫಿ ಕಪ್. ಅದು ಏನೆಂದು ಆಗ ನಾವು ಯಾರನ್ನೂ ಕೇಳಲಿಲ್ಲ. ಗೇಮ್ ಓಡಿದರೆ ಸಾಕಿತ್ತು.

ಅದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಗುರುತು. 1991ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್, ಮೈಕ್ ಶೆರಿಡನ್, ಪ್ಯಾಟ್ರಿಕ್ ನಾಟನ್ ಎಂಬುವರು ಒಂದು ಗುಟ್ಟಿನ ಕೆಲಸ ಶುರು ಮಾಡಿದರು. (ಈ ಸನ್ ಕಂಪನಿ ಕಟ್ಟಿದ ನಾಲ್ವರಲ್ಲಿ ನಮ್ಮ ದೇಶದ ವಿನೋದ್ ಖೋಸ್ಲಾ ಒಬ್ಬರು.) ಅವರ ಗುರಿ ಕಂಪ್ಯೂಟರ್ ಅಲ್ಲ, ಟಿವಿ, ರಿಮೋಟ್‌ನಂಥ ಮನೆ ಸಾಮಾನು. ತೊಂದರೆ ಏನೆಂದರೆ ಒಂದೊಂದು ಸಾಮಾನಿಗೆ ಒಂದೊಂದು ಚಿಪ್, ಒಂದೊಂದು ಚಿಪ್ಪಿಗೆ ಬೇರೆಬೇರೆ ಭಾಷೆ. ಇದಕ್ಕೆ ಬರೆದದ್ದು ಅದಕ್ಕೆ ಅರ್ಥವಾಗದು.

ಗಾಸ್ಲಿಂಗ್ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರು. ನಾವು ಬರೆದದ್ದು ಮೊದಲು ಬೈಟ್‌ಕೋಡ್ ಎಂಬ ನಡುಭಾಷೆಗೆ ಬದಲಾಗುತ್ತದೆ. ಪ್ರತಿ ಯಂತ್ರದಲ್ಲೂ ಇರುವ 'ಜಾವಾ ವರ್ಚುವಲ್ ಮಷಿನ್' ಅದನ್ನು ಓದಿ ಆ ಯಂತ್ರದ ಮಾತಿಗೆ ತಿರುಗಿಸುತ್ತದೆ. ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ ಎಂದು ಸನ್ ಆಮೇಲೆ ಸಾರಿದ್ದು ಇದನ್ನೇ.

ಇನ್ನೊಂದು ಗುಣ 'ಆಬ್ಜೆಕ್ಟ್ ಓರಿಯೆಂಟೆಡ್'. ಹಾಲಿನ ಡೇರಿ ನೋಡಿ. 'ಸದಸ್ಯ' ಎಂಬ ಅಚ್ಚು ಒಂದೇ: ಹೆಸರು, ಲೀಟರ್, ಫ್ಯಾಟ್, ಬಟವಾಡೆ ಲೆಕ್ಕ ಹಾಕುವ ಕ್ರಮ. ಆ ಅಚ್ಚಿನಿಂದ ನೂರು ಸದಸ್ಯರನ್ನು ಮಾಡಬಹುದು, ಪ್ರತಿಯೊಬ್ಬರ ಅಂಕಿ ಅವರವರದು. ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ, ಅದರಿಂದ ಬಂದದ್ದಕ್ಕೆ ಆಬ್ಜೆಕ್ಟ್. ಈ ಯೋಚನೆ ಜಾವಾದ ಸ್ವಂತದ್ದಲ್ಲ, 1960ರ ದಶಕದಲ್ಲೇ ನಾರ್ವೆಯ ಸಿಮುಲಾ ಭಾಷೆಯಲ್ಲಿತ್ತು.

ಮೊದಲಿಗೆ ಇದರ ಹೆಸರು ಓಕ್, ಗಾಸ್ಲಿಂಗ್ ಕಚೇರಿಯ ಹೊರಗಿದ್ದ ಮರದ ಹೆಸರು. ಅದು ಆಗಲೇ ಬೇರೆ ಕಂಪನಿಯ ಪಾಲಾಗಿದ್ದರಿಂದ ಕಾಫಿಗೆ ಹೆಸರಾದ ಜಾವಾ ದ್ವೀಪದ ಹೆಸರು ಬಂತು. ಡಚ್ಚರು ಆ ದ್ವೀಪಕ್ಕೆ ಕಾಫಿ ಗಿಡ ಒಯ್ದದ್ದು ನಮ್ಮ ಮಲಬಾರ್ ಕರಾವಳಿಯಿಂದ ಎಂಬುದನ್ನು ಕಾಫಿ ಸೀಮೆಯವರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಮನೆ ಸಾಮಾನಿನ ವ್ಯಾಪಾರ ಕೈಹತ್ತಲಿಲ್ಲ. ಅಷ್ಟರಲ್ಲಿ ಇಂಟರ್‌ನೆಟ್ ಬಂತು. ಅಲ್ಲೂ ನೂರೆಂಟು ಬಗೆಯ ಯಂತ್ರಗಳು, ಅದೇ ತೊಂದರೆ. ಮದ್ದು ಸಿದ್ಧವಿತ್ತು! 1995ರ ಮೇ 23ರಂದು ಜಾವಾ ಲೋಕಕ್ಕೆ ಬಂತು.

ಆಮೇಲೆ ಜಗಳ. ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ಗೆ ಹೊಂದುವಂತೆ ಜಾವಾವನ್ನು ತಿರುಚಿದೆ ಎಂದು ಸನ್ 1997ರಲ್ಲಿ ಕೋರ್ಟಿಗೆ ಹೋಯಿತು. ಎಲ್ಲೆಡೆ ಓಡಬೇಕಾದದ್ದು ಒಂದೆಡೆ ಬೇರೆಯಾಗಿ ಓಡಿದರೆ ಜಾವಾದ ಅರ್ಥವೇ ಹೋಯಿತಲ್ಲ. 2001ರಲ್ಲಿ ರಾಜಿಯಾಯಿತು. 2010ರಲ್ಲಿ ಸನ್ ಕಂಪನಿಯನ್ನೇ ಒರೇಕಲ್ ಕೊಂಡಿತು. ಆ ವರ್ಷವೇ ಗೂಗಲ್ ಮೇಲೆ ದಾವೆ: ಆಂಡ್ರಾಯ್ಡ್ ಮಾಡುವಾಗ ಜಾವಾದ ಸುಮಾರು 11,500 ಸಾಲು ನಕಲು ಮಾಡಿದ್ದೀರಿ ಎಂದು. ನಮ್ಮೂರಲ್ಲಿ ಗದ್ದೆಯ ಬದುವಿಗೆ ನಡೆಯುವ ವ್ಯಾಜ್ಯದಷ್ಟೇ ಇದೂ ಎಳೆಯಿತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ನ್ಯಾಯವಾದ ಬಳಕೆ ಎಂದಿತು. ನಮಗೂ ಅದೇ ಸರಿ ಅನ್ನಿಸುತ್ತದೆ. ಭಾಷೆಯ ಪದಗಳಿಗೇ ಬೇಲಿ ಹಾಕಿದರೆ ಹೊಸಬರು ಬರೆಯುವುದು ಹೇಗೆ?

ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಅದರ ಒಳಗಿನ ಬಹಳಷ್ಟು ಕೆಲಸ ಜಾವಾದಲ್ಲೇ ಬರೆದದ್ದು. ಕೀಪ್ಯಾಡ್ ಫೋನ್ ಬಿಡದ ಹಿರಿಯರ ಸಿಮ್ಮಿನಲ್ಲೂ 'ಜಾವಾ ಕಾರ್ಡ್' ಎಂಬ ಅದರ ಪುಟ್ಟ ರೂಪ ಇರಬಹುದು. ಕಾಫಿ ಕಪ್ ಮಾತ್ರ ಈಗ ಕಾಣಿಸುವುದಿಲ್ಲ.