ಆಕಾಶದ ವಾಣಿ ಅಕ್ಕನಾದ ಬಗೆ

ನಮ್ಮ ಮನೆಯಲ್ಲಿ ಹಿರಿಯ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಆಪಾ’ ಎಂದು. ‘ಅಕ್ಕ’ ಎಂಬ ಪದ ನಮ್ಮ ಹೊಸ್ತಿಲು ದಾಟಿ ಒಳಬಂದದ್ದು ಕಪಾಟಿನ ಮೇಲಿದ್ದ ಟ್ರಾನ್ಸಿಸ್ಟರ್ ಮೂಲಕ. ಮಕ್ಕಳ ಕಾರ್ಯಕ್ರಮದ ಹೆಣ್ಣುದನಿ ‘ಚೆನ್ನಾಗಿದ್ದೀರಾ ಮಕ್ಕಳೇ?’ ಎಂದು ಕೇಳಿ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಆ ಬಿಡುವಿನಲ್ಲಿ ನಾವು ‘ಹೂಂ ಅಕ್ಕಾ’ ಎನ್ನುತ್ತಿದ್ದೆವು. ‘ಅವಳಿಗೆ ಕೇಳಿಸುತ್ತದೇನೋ ಹುಚ್ಚಾ?’ ಎಂದು ಅಮ್ಮಿ ಅಡುಗೆಮನೆಯಿಂದಲೇ ನಗುತ್ತಿದ್ದರು.

ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಉತ್ತರಕ್ಕೆ ಜಾಗ ಬಿಡುವ ಈ ರೀತಿ ಎಲ್ಲಿಂದ ಬಂತು ಎಂದು ಹುಡುಕಿದರೆ, ನಾವು ಬಾನುಲಿಯ ಮೊದಲ ದಿನಗಳಿಗೇ ಹೋಗಬೇಕಾಗುತ್ತದೆ.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವಾಟ್‌ಗಳ ಪುಟ್ಟ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರಕ್ಕೆ ಬಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಹೆಸರೇನೋ ಸುಂದರ. ಆದರೆ ಶಾಲೆಯಲ್ಲಿ ನಾವು ಕೇಳಿದ ಕೃಷ್ಣನ ಕಥೆಯಲ್ಲಿ ಕಂಸನಂಥ ಕಂಸನನ್ನೇ ನಡುಗಿಸಿದ್ದು ಇಂಥದೇ ಒಂದು ಅಶರೀರವಾಣಿ. ಮೈಯಿಲ್ಲದ ದನಿಗೆ ಮಕ್ಕಳು ಹೆದರದೆ ಹತ್ತಿರ ಬರಬೇಕಾದರೆ ಆ ದನಿಗೊಂದು ನಂಟು ಬೇಕಿತ್ತು.

ಹಾಗೆ ನೋಡಿದರೆ ಈ ಅಗತ್ಯ ಎಲ್ಲ ಕಡೆಯೂ ಇತ್ತು. 1922ರಲ್ಲಿ ಬಿಬಿಸಿ ಮಕ್ಕಳಿಗಾಗಿ ಪ್ರಸಾರ ಆರಂಭಿಸಿದಾಗ ಅದನ್ನು ನಡೆಸುತ್ತಿದ್ದವರು ‘ಅಂಕಲ್’, ‘ಆಂಟಿ’ ಎಂಬ ಹೆಸರಿನಲ್ಲೇ ಮಾತಾಡುತ್ತಿದ್ದರು. ನಮ್ಮ ದೇಶದಲ್ಲಿ ಪ್ರತಿ ಭಾಷೆಯೂ ತನ್ನ ಮನೆಯೊಳಗಿನ ನಂಟನ್ನು ಆರಿಸಿಕೊಂಡಿತು. 1927ರಲ್ಲಿ ಶುರುವಾದ ಕಲ್ಕತ್ತಾ ಕೇಂದ್ರದ ಮಕ್ಕಳ ಕಾರ್ಯಕ್ರಮಕ್ಕೆ ‘ಗಲ್ಪದಾದುರ್ ಆಸರ್’ ಎಂದು ಹೆಸರು, ಅಂದರೆ ಕಥೆತಾತನ ಬೈಠಕ್. ಅದೇ ಕೇಂದ್ರದಲ್ಲಿ ನಂತರ ‘ಶಿಶುಮಹಲ್’ ನಡೆಸಿದ ಇಂದಿರಾ ದೇವಿಯವರು ಮಕ್ಕಳ ಕ್ಷೇಮ ವಿಚಾರಿಸಿಯೇ ಮಾತು ಶುರುಮಾಡುತ್ತಿದ್ದರು. ಸ್ಟುಡಿಯೋದೊಳಗಿನ ಮಕ್ಕಳು ಒಟ್ಟಿಗೆ ‘ಹೌದು’ ಎನ್ನುತ್ತಿದ್ದರು.

ಈ ನಂಟನ್ನು ಬಾಳಿನುದ್ದಕ್ಕೂ ಹೊತ್ತವರು ತೆಲುಗಿನ ನ್ಯಾಯಪತಿ ರಾಘವರಾವ್ ಮತ್ತು ಅವರ ಪತ್ನಿ ಕಾಮೇಶ್ವರಿ. 1938ರ ಜೂನ್ 16ರಂದು ಆರಂಭವಾದ ಮದ್ರಾಸ್ ಕೇಂದ್ರದಿಂದ ಈ ದಂಪತಿ ತೆಲುಗು ಮಕ್ಕಳಿಗೆ ‘ರೇಡಿಯೋ ಅನ್ನಯ್ಯ’, ‘ರೇಡಿಯೋ ಅಕ್ಕಯ್ಯ’ ಆದರು. ಜನ ಅವರ ಸ್ವಂತ ಹೆಸರನ್ನು ಮರೆಯುವಷ್ಟರ ಮಟ್ಟಿಗೆ ಈ ಹೆಸರುಗಳು ಅಂಟಿಕೊಂಡವು. ಮಕ್ಕಳಿಗೆ ಕಥೆ ಹೇಳಿ ಕಳಿಸುವುದಷ್ಟೇ ಅವರಿಗೆ ಸಾಕೆನಿಸಲಿಲ್ಲ. ಮಕ್ಕಳನ್ನೇ ಮೈಕಿನ ಮುಂದೆ ಕರೆತಂದು ಹಾಡಿಸಿದರು, ನಾಟಕ ಆಡಿಸಿದರು. ಧ್ವನಿಮುದ್ರಣ ಸುಲಭವಿಲ್ಲದ ಕಾಲ ಅದು. ಬಹುಪಾಲು ಎಲ್ಲವೂ ನೇರ ಪ್ರಸಾರ. ಮಗು ತೊದಲಿದರೆ ಆ ತೊದಲೂ ಗಾಳಿಗೆ ಹೋಗುತ್ತಿತ್ತು, ಮತ್ತೆ ಸಿಗುತ್ತಿರಲಿಲ್ಲ.

ಆದರೆ ಆ ದನಿ ಎಷ್ಟು ಮಕ್ಕಳಿಗೆ ತಲುಪುತ್ತಿತ್ತು? 1947ರಲ್ಲಿ ಸ್ವತಂತ್ರ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೋ ಕೇಂದ್ರಗಳು ಬರೀ 6. ಅವುಗಳ ಪ್ರಸಾರ ದೇಶದ ನೆಲದ ನೂರಕ್ಕೆ ಎರಡೂವರೆ ಪಾಲಿಗೆ, ಜನರಲ್ಲಿ ನೂರಕ್ಕೆ 11 ಮಂದಿಗೆ ಮಾತ್ರ ಮುಟ್ಟುತ್ತಿತ್ತು. ಮುಟ್ಟಿದ ಕಡೆಯೂ ರೇಡಿಯೋ ಪೆಟ್ಟಿಗೆ ಕೊಳ್ಳಬಲ್ಲವರು ಉಳ್ಳವರೇ. ಹಾಗಾಗಿ ‘ಮಕ್ಕಳೇ’ ಎಂಬ ಕರೆ ಎಲ್ಲರಿಗಾಗಿ ಹೊರಟರೂ ಓಗೊಡುವ ಭಾಗ್ಯ ಕೆಲವರಿಗಷ್ಟೇ ಇತ್ತು. ಈ ಸತ್ಯವನ್ನು ಮುಚ್ಚಿಟ್ಟು ಹಳೆಯ ಬಾನುಲಿಯನ್ನು ಹೊಗಳುವುದು ಸರಿಯಲ್ಲ.

ಈ ಕೊರತೆಗೆ ಅನ್ನಯ್ಯನವರೂ ತಮ್ಮದೇ ಉತ್ತರ ಕಂಡುಕೊಂಡರು. ಮಕ್ಕಳ ಸಂಘ ಕಟ್ಟಿದರು. 1945ರಲ್ಲಿ ‘ಬಾಲ’ ಎಂಬ ಪತ್ರಿಕೆ ತಂದು ಮಕ್ಕಳು ಬರೆದದ್ದನ್ನೂ ಅಚ್ಚು ಹಾಕಿದರು. ಮುಂದೆ ತೆಲುಗಿನ ದೊಡ್ಡ ಕಥೆಗಾರರಾದ ಮುಳ್ಳಪೂಡಿ ವೆಂಕಟರಮಣ ಬಾಲ್ಯದಲ್ಲಿ ಬರೆದದ್ದು ಈ ಪತ್ರಿಕೆಗೇ. ಅವರ ಗೆಳೆಯ, ಚಿತ್ರಕಾರ ಬಾಪು ಕೂಡ ಅದೇ ಬಳಗದ ಹುಡುಗ. ದಂಪತಿ ನಂತರ ಹೈದರಾಬಾದಿಗೆ ಹೋಗಿ ನೆಲೆಸಿ ಅಲ್ಲಿಯೂ ಮಕ್ಕಳ ಸಂಘವನ್ನು ನಡೆಸಿದರು. ಗಾಳಿಗೆ ಹೋದ ದನಿ ಉಳಿಯಲಿಲ್ಲ, ಅದು ಎಬ್ಬಿಸಿದ ಮಕ್ಕಳು ಉಳಿದರು.

ಕನ್ನಡದಲ್ಲೂ ಈ ಪರಂಪರೆ ಬೆಳೆಯಿತು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ಮೈಸೂರಿನ ಕೇಂದ್ರ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂತು. ಧಾರವಾಡದ ‘ಗಿಳಿವಿಂಡು’, ಬೆಂಗಳೂರಿನ ‘ಬಾಲಜಗತ್’ ಎಂಬ ಹೆಸರು ಕೇಳಿದರೆ ಇಂದಿಗೂ ಮುಖ ಅರಳುವ ಹಿರಿಯರಿದ್ದಾರೆ. ಆ ಹೊತ್ತಿಗೆ ಟ್ರಾನ್ಸಿಸ್ಟರ್ ಬಂದು ರೇಡಿಯೋ ಅಗ್ಗವಾಯಿತು. ನಮ್ಮಂಥ ಮನೆಗಳಿಗೂ ಬಂತು.

ಉರ್ದು ಮನೆಮಾತಿನ ನಮಗೆ ಅದು ಕಥೆ ಹಾಡುಗಳಿಗಿಂತ ದೊಡ್ಡದೊಂದನ್ನು ಕೊಟ್ಟಿತು. ಶಾಲೆಯ ಕನ್ನಡದಲ್ಲಿ ತಪ್ಪಿದರೆ ಬೆತ್ತವಿತ್ತು. ರೇಡಿಯೋ ಅಕ್ಕನ ಕನ್ನಡದಲ್ಲಿ ಬೆತ್ತವಿರಲಿಲ್ಲ. ನಮ್ಮ ಹೆಸರೇನು, ಕೇರಿ ಯಾವುದು ಎಂದು ಆಕೆ ಕೇಳಲಿಲ್ಲ. ಚೆನ್ನಾಗಿದ್ದೀರಾ ಎಂದಷ್ಟೇ ಕೇಳಿದಳು. ಒಂದು ಭಾಷೆ ನಮ್ಮದಾಗುವುದು ಅದರಲ್ಲಿ ಯಾರಾದರೂ ನಮ್ಮ ಕ್ಷೇಮ ಕೇಳಿದಾಗ.

ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಕಥೆ, ಹಾಡು, ಚಿತ್ರ ಯಾವುದಕ್ಕೂ ಬರವಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಓಡಿಬರುತ್ತದೆ. ನಡುವೆ ಮಗು ‘ಹೂಂ’ ಎನ್ನಲು ಬೇಕಾದ ಆ ಒಂದು ಗಳಿಗೆಯ ಮೌನವನ್ನು ಬಿಡುವವರು ಯಾರು? ರೇಡಿಯೋ ಬಿಟ್ಟುಹೋದ ಆ ಕೆಲಸ ಈಗ ಮನೆಯ ಅಕ್ಕ, ಆಪಾ, ದಾದಿ, ತಾತಂದಿರ ಪಾಲಿಗೆ ಬಂದಿದೆ.