ಒಂದು ಚಿತ್ರ, ಎರಡು ಧ್ವನಿ: ತೆಲಂಗಾಣದ ಗಡಿಯಲ್ಲಿ ಕನ್ನಡದ ದೃಶ್ಯಪಾಠ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ವಿಭಜನೆಗೊಂಡಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ್ ತಾಲ್ಲೂಕು ಮತ್ತು ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ಬಂದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ವಿಧಿಸಿತು. ಆ ಅನುಕೂಲವು ಶಾಲೆ, ಶಿಕ್ಷಕ, ಪುಸ್ತಕಗಳಾಚೆಗೆ ದೃಶ್ಯಮಾಧ್ಯಮದವರೆಗೂ ವಿಸ್ತರಿಸಿತೇ ಎಂಬುದು ಈ ಬರಹದ ಪ್ರಶ್ನೆ.

ದೃಶ್ಯಪಾಠದ ಇತಿಹಾಸವು ಈ ಭಾಗದಲ್ಲಿ ಅಂತರ್ಜಾಲಕ್ಕಿಂತ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಬೆಳಗಿನ ಹೊತ್ತು ಶಾಲಾಮಕ್ಕಳ ಕಾರ್ಯಕ್ರಮಗಳಿದ್ದವು. ಅವುಗಳಲ್ಲಿ ವಿಜ್ಞಾನಕ್ಕೆ ಮುಖ್ಯ ಸ್ಥಾನವಿತ್ತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಆಂಧ್ರದಲ್ಲಿ ಮೆದಕ್ ಮೊದಲಾದ ಜಿಲ್ಲೆಗಳೂ ಪ್ರಯೋಗದ ವ್ಯಾಪ್ತಿಯಲ್ಲಿದ್ದವು. ಉಪಗ್ರಹಕ್ಕೆ ಒಂದೇ ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸುವ ಸಾಮರ್ಥ್ಯವಿತ್ತು. ಆದರೆ ಭಾಷೆಯ ಹಂಚಿಕೆ ನಡೆದದ್ದು ರಾಜ್ಯದ ಎಲ್ಲೆಯ ಪ್ರಕಾರ: ಕರ್ನಾಟಕಕ್ಕೆ ಕನ್ನಡ, ಆಂಧ್ರಕ್ಕೆ ತೆಲುಗು. ತಂತ್ರಜ್ಞಾನವು ದಾಟಬಲ್ಲ ಗಡಿಯನ್ನು ಆಡಳಿತವು ಉಳಿಸಿಕೊಂಡ ಮೊದಲ ನಿದರ್ಶನವಿದು.

2020ರ ಮಹಾಮಾರಿಯು ಅದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ಜುಲೈ 20ರಿಂದ ಕರ್ನಾಟಕವು ಚಂದನ ವಾಹಿನಿಯಲ್ಲಿ ಪ್ರೌಢಶಾಲೆಗಳಿಗಾಗಿ ‘ಸಂವೇದ’ ಪಾಠಗಳನ್ನು ಆರಂಭಿಸಿತು. ಸೆಪ್ಟೆಂಬರ್ 1ರಿಂದ ತೆಲಂಗಾಣವು ಟಿ-ಸ್ಯಾಟ್ ಮತ್ತು ದೂರದರ್ಶನ ಯಾದಗಿರಿ ವಾಹಿನಿಗಳಲ್ಲಿ ಪಾಠಗಳನ್ನು ಬಿತ್ತರಿಸಿತು. ಈ ಪಾಠಗಳು ಯೂಟ್ಯೂಬಿನಲ್ಲಿಯೂ ಉಚಿತವಾಗಿ ದೊರೆತುದರಿಂದ ಗಡಿಯ ವಿದ್ಯಾರ್ಥಿಗೆ ಎರಡೂ ಕೈಗೆಟುಕಿದವು. ಆದರೆ ಒಂದರಲ್ಲಿ ಅವನ ಭಾಷೆಯಿತ್ತು, ಪಠ್ಯಕ್ರಮವಿರಲಿಲ್ಲ. ಇನ್ನೊಂದರಲ್ಲಿ ಪಠ್ಯಕ್ರಮವಿತ್ತು, ಭಾಷೆಯಿರಲಿಲ್ಲ.

ಈ ಅಂತರವು ಎಲ್ಲ ವಿಷಯಗಳಲ್ಲಿ ಒಂದೇ ತೆರನಾದುದಲ್ಲ. ಗಣಿತ, ವಿಜ್ಞಾನಗಳ ಬಹುಭಾಗ ಎರಡೂ ರಾಜ್ಯಗಳಿಗೆ ಸಮಾನ. ತೆಲಂಗಾಣದ ಪ್ರೌಢಶಾಲೆಗಳಲ್ಲಿ ಭೌತ ಹಾಗೂ ಜೀವ ವಿಜ್ಞಾನಗಳಿಗೆ ಪ್ರತ್ಯೇಕ ಪುಸ್ತಕಗಳಿದ್ದರೂ ಪರಿಕಲ್ಪನೆಗಳು ಬದಲಾಗುವುದಿಲ್ಲ. ಸಮಾಜ ವಿಜ್ಞಾನದಲ್ಲಿ ಮಾತ್ರ ರಾಜ್ಯದ ಇತಿಹಾಸವೇ ಬೇರೆಯಾಗುವುದರಿಂದ ನೆರೆರಾಜ್ಯದ ಪಾಠವು ಪರೀಕ್ಷೆಗೆ ಒದಗದು. ಪರಿಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ವಕ್ರೀಭವನ’ ಎರಡೂ ಭಾಷೆಗಳಲ್ಲಿ ಒಂದೇ. ಆದರೆ ಕನ್ನಡದ ‘ಪ್ರತಿಫಲನ’ವು ತೆಲುಗಿನಲ್ಲಿ ‘ಪರಾವರ್ತನಂ’. ‘ದ್ಯುತಿಸಂಶ್ಲೇಷಣೆ’ಯು ‘ಕಿರಣಜನ್ಯ ಸಂಯೋಗಕ್ರಿಯ’. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ದಖ್ಖನಿ ಆಡುವ ಮಗುವಿಗೆ ತೆಲುಗು ಮಾತು ತಿಳಿಯಬಹುದು. ಪಾರಿಭಾಷಿಕ ಪದವು ತಾನಾಗಿ ತಿಳಿಯಲಾರದು.

ಕಾಸರಗೋಡಿನ ಉದಾಹರಣೆ ಇಲ್ಲಿ ಉಪಯುಕ್ತ. ಕೇರಳವು 2020ರ ಜೂನ್‌ನಲ್ಲಿ ‘ಫಸ್ಟ್ ಬೆಲ್’ ತರಗತಿಗಳನ್ನು ಆರಂಭಿಸಿ, ತನ್ನದೇ ಪಠ್ಯಕ್ರಮದ ಪಾಠಗಳನ್ನು ಕನ್ನಡದಲ್ಲಿಯೂ ಸಿದ್ಧಪಡಿಸಿತು. ಅಲ್ಪಸಂಖ್ಯಾತ ಮಾಧ್ಯಮದ ಪಾಠವನ್ನು ನೆರೆರಾಜ್ಯದಿಂದ ಎರವಲು ಪಡೆಯಬೇಕಾದ ಅನಿವಾರ್ಯವಿಲ್ಲವೆಂಬುದನ್ನು ಅದು ತೋರಿಸಿತು.

ಉಚಿತವಾಗಿ ದೊರೆಯುವುದೆಲ್ಲವೂ ಉಪಯೋಗಕ್ಕೆ ಬರುವುದೆಂದು ಭಾವಿಸುವುದು ನಮ್ಮ ಕಾಲದ ಒಂದು ಭ್ರಮೆ. ಖಾನ್ ಅಕಾಡೆಮಿಯ ಕನ್ನಡ ಪಾಠಗಳು, ದೀಕ್ಷಾ ವೇದಿಕೆಯ ಸಾಮಗ್ರಿ, ಸಂವೇದದ ಸಂಗ್ರಹ ಇವೆಲ್ಲ ಇಂದು ಜಹೀರಾಬಾದಿನಲ್ಲಿಯೂ ತೆರೆದುಕೊಳ್ಳುತ್ತವೆ. ತೆಲಂಗಾಣದ ಯಾವ ಅಧ್ಯಾಯಕ್ಕೆ ಯಾವ ಕನ್ನಡ ಪಾಠ ಹೊಂದುತ್ತದೆಂಬ ಪಟ್ಟಿಯೊಂದನ್ನು, ಪರಿಭಾಷೆಯ ತ್ರಿಭಾಷಾ ಕೋಷ್ಟಕದೊಡನೆ, ಸಿದ್ಧಪಡಿಸುವುದು ಅಲ್ಪವೆಚ್ಚದ ಕೆಲಸ. ಸಮಾಜ ವಿಜ್ಞಾನಕ್ಕೆ ಮಾತ್ರ ಹೊಸ ಪಾಠಗಳು ಬೇಕು. ಈ ಕೆಲಸ ತಡವಾದಷ್ಟೂ ಕನ್ನಡ ಮಾಧ್ಯಮವನ್ನು ಆರಿಸಿದ ಪೋಷಕರು ತಮ್ಮ ಆಯ್ಕೆಯನ್ನೇ ಶಂಕಿಸುವರು. 1975ರಲ್ಲಿ ಎರಡನೆಯ ಧ್ವನಿಯು ಗಡಿಯ ಆಚೆಗೇ ನಿಂತಿತು. ಇಂದು ಅದನ್ನು ತಡೆಯುವ ತಾಂತ್ರಿಕ ಕಾರಣ ಯಾವುದೂ ಉಳಿದಿಲ್ಲ.