ಸಿಟ್-ಆನ್-ಟಾಪ್ ಕಯಾಕ್ ಮುಳುಗುವುದಿಲ್ಲ. ಹಾಗಾದರೆ ಸಮುದ್ರದ ಸಣ್ಣ ಅಲೆಗಳಲ್ಲಿ ಅಪಾಯವೇ ಇಲ್ಲವೇ?

ಶಿವಮೊಗ್ಗದ ಗೋಪಾಳದಿಂದ ಬೆಳಿಗ್ಗೆ ಹೊರಟರೆ ಆಗುಂಬೆ ಘಾಟಿ ಇಳಿದು ಮಧ್ಯಾಹ್ನದೊಳಗೆ ಉಡುಪಿಯ ಕಡಲತೀರ ಸೇರಬಹುದು. ಹೊನ್ನೆಮರಡುವಿನ ಶರಾವತಿ ಹಿನ್ನೀರಿನಲ್ಲಿ ಕಯಾಕ್ ನಡೆಸಿದವರಿಗೆ, "ಅಲೆ ಮೊಣಕಾಲೆತ್ತರ ಅಷ್ಟೇ, ಕಯಾಕ್ ಹೇಗೂ ಮುಳುಗಲ್ಲ" ಎನಿಸುವುದು ಸಹಜ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಅಪಾಯಕಾರಿ.

ಯಾಕೆ ಮುಳುಗುವುದಿಲ್ಲ?

ಸಿಟ್-ಆನ್-ಟಾಪ್ ಎಂದರೆ ಒಳಗೆ ಗಾಳಿ ತುಂಬಿದ, ಎಲ್ಲ ಕಡೆ ಮುಚ್ಚಿದ ಪ್ಲಾಸ್ಟಿಕ್ ದೋಣಿ. ಕೂರುವುದು ಅದರ ಮೇಲೆ. ಮೇಲೆ ಬಿದ್ದ ನೀರು ತಳದವರೆಗಿನ ತೂತುಗಳ ಮೂಲಕ ಇಳಿದುಹೋಗುತ್ತದೆ. ಆದರೆ ನೀರು ಬಸಿಯುವ ಬಿರಡೆ ಸಡಿಲವಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಡಲೊಳಗೆ ನೀರು ಸೇರಿ ಕಯಾಕ್ ಭಾರವಾಗಿ ತೂರಾಡುತ್ತದೆ. ಇಳಿಯುವ ಮುನ್ನ ಬಿರಡೆ ಪರೀಕ್ಷಿಸಿ.

ಸಣ್ಣ ಅಲೆಗೆ ಎಷ್ಟು ಬಲ?

ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1,025 ಕಿಲೋ. ಒಂದು ಮೀಟರ್ ಆಳದಲ್ಲಿ ಅಲೆ ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಬರುತ್ತದೆ, ಸಾಮಾನ್ಯ ಕಯಾಕಿಗರ ವೇಗ 5–6 ಕಿ.ಮೀ. ಅಷ್ಟೆ. ಅದಕ್ಕೇ ಅಲೆ ಹಿಂದಿನಿಂದ ಬಂದು ಮುಟ್ಟುವ ಮೊದಲೇ ಜೋರಾಗಿ ಹುಟ್ಟು ಹಾಕಬೇಕು. ಒಮ್ಮೆ ಅಲೆ ಎತ್ತಿಕೊಂಡರೆ ಮುಂದೆ ತಳ್ಳುವುದು ಅದರ ಕೆಲಸ.

ಇನ್ನೊಂದು ವಿಷಯ: 2 ಅಡಿಯ ಅಲೆ ಒಡೆಯುವುದು ಸುಮಾರು ಎರಡೂವರೆ ಅಡಿ ನೀರಿನಲ್ಲಿ. ಅಲ್ಲಿ ತಲೆಕೆಳಗಾಗಿ ಬಿದ್ದರೆ ತಲೆ, ಕುತ್ತಿಗೆ ಮರಳಿಗೆ ಬಡಿಯುತ್ತದೆ. ಲೈಫ್ ಜಾಕೆಟ್ ಜೊತೆ ಹೆಲ್ಮೆಟ್ ಕೂಡ ಬೇಕಾಗುವುದು ಇದಕ್ಕೇ.

ಮಗುಚುವುದು ಹೇಗೆ?

ಅಲೆಯ ಇಳಿಜಾರಿನಲ್ಲಿ ಕಯಾಕಿನ ಮೂತಿ ನೀರಿಗೆ ತಾಗಿ ನಿಧಾನವಾಗುತ್ತದೆ, ಹಿಂಭಾಗವನ್ನು ಅಲೆ ತಳ್ಳುತ್ತಲೇ ಇರುತ್ತದೆ. ಕಯಾಕ್ ಅಡ್ಡ ತಿರುಗುತ್ತದೆ. ಆಗ ಹೆದರಿ ದಡದ ಕಡೆ ವಾಲಿದರೆ ಆ ಬದಿಯ ಅಂಚು ನೀರಿಗೆ ಸಿಕ್ಕಿ ಕ್ಷಣದಲ್ಲಿ ಮಗುಚುತ್ತದೆ. ಮಾಡಬೇಕಾದ್ದು ಇದರ ವಿರುದ್ಧ: ಅಲೆಯ ಕಡೆಗೇ ವಾಲಿ, ಹುಟ್ಟಿನ ಅಲಗನ್ನು ನೊರೆಯ ಮೇಲೆ ಒತ್ತಿ. ನೇರ ಹೋಗುವಾಗ ಸ್ವಲ್ಪ ಹಿಂದಕ್ಕೆ ಬಾಗಿ, ಹುಟ್ಟನ್ನು ಹಿಂದೆ ಚುಕ್ಕಾಣಿಯಂತೆ ಹಿಡಿಯಿರಿ.

ಬಿದ್ದರೆ ಏನು ಮಾಡಬೇಕು?

ಕಯಾಕ್ ಮತ್ತು ದಡದ ನಡುವೆ ಎಂದೂ ನಿಲ್ಲಬೇಡಿ. ಮುಂದಿನ ಅಲೆ ಆ ಖಾಲಿ ಕಯಾಕನ್ನು ನಿಮ್ಮ ಮೇಲೇ ನುಗ್ಗಿಸುತ್ತದೆ. ಅದು ಮುಳುಗದಿರುವುದೇ ಇಲ್ಲಿ ತೊಂದರೆ. ಸಮುದ್ರದ ಕಡೆಗೆ ಬನ್ನಿ. ದಡದಲ್ಲಿ ನಿಂತು ವಿಡಿಯೋ ಮಾಡುವವರೂ, ಆಡುವ ಮಕ್ಕಳೂ ದೂರವಿರಲಿ.

ಎಲ್ಲಿ, ಯಾವಾಗ ಬೇಡ?

ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲು, ಸುವರ್ಣಾ ನದಿ ಸೇರುವ ಕೋಡಿ ಬೆಂಗ್ರೆ ಸರ್ಫಿಂಗ್‌ಗೆ ಹೆಸರಾದ ಜಾಗಗಳು. ಆದರೆ ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಕಡಲಿನತ್ತ ಜೋರಾಗಿ ಎಳೆಯುತ್ತದೆ. ಅಳಿವೆ ಬಾಗಿಲಿನಿಂದ ದೂರವಿರಿ. ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಯೂ ಸುರಕ್ಷಿತವೆಂದು ತಿಳಿಯಬೇಡಿ. ಅದು ಕಡಲಿನತ್ತ ಎಳೆಯುವ ಸೆಳೆತವಾಗಿರಬಹುದು. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಸಾಗಿ ಹೊರಬನ್ನಿ.

"ಗಾಳಿ ಇಲ್ಲ, ಅಲೆ ಏಳಲ್ಲ" ಎಂಬುದೂ ತಪ್ಪು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ಅಲೆಗಳು ಕೆಲವು ದಿನಗಳ ನಂತರ ನಮ್ಮ ಕರಾವಳಿಗೆ ಬಂದು ಅಪ್ಪಳಿಸಬಹುದು. ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ನೀಡುತ್ತದೆ. ಹೊರಡುವ ದಿನ ನೋಡಿಕೊಳ್ಳಿ. ಮಳೆಗಾಲದಲ್ಲಂತೂ ಇಳಿಯಲೇಬೇಡಿ.

ಕೊನೆಯದಾಗಿ

ಕಯಾಕ್ ತೇಲುತ್ತದೆ ಎಂಬುದು ನಿಜ. ಅದು ನಿಮ್ಮನ್ನು ಕಾಪಾಡುತ್ತದೆ ಎಂಬುದು ನಿಜವಲ್ಲ. ಮೊದಲ ಸಲ ಸ್ಥಳೀಯ ತರಬೇತುದಾರರ ಜೊತೆಗೇ, ಮರಳಿನ ದಡದಲ್ಲೇ, ಮೊಣಕಾಲೆತ್ತರದ ಅಲೆಯಲ್ಲೇ ಕಲಿಯಿರಿ. ಪ್ರವಾಸಕ್ಕೆ ಹೊರಟ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಒಂದು ಸಾಲು ಕಳಿಸಿ: ಬಿದ್ದರೆ ಕಯಾಕಿನ ದಡದ ಬದಿಗೆ ಅಲ್ಲ, ಕಡಲ ಬದಿಗೆ.